ಬೋರಮ್ಮನ ಒಳಲೆ

ಹೊಳೆದಂಡೆಯ ಆ ಮಠದಲ್ಲಿ ಹೂದಾನಿ ಅಂತ ಒಂದೂ ಇರಲಿಲ್ಲ. ಇದ್ದದ್ದು ಮರಿದೇವನ ಕೈ.

ಆ ಕೈಗೆ ಏನು ಸಿಕ್ಕರೂ ಹೂದಾನಿಯಾಗುತ್ತಿತ್ತು. ಬಾಯಿ ಸೀಳಿದ ಉಪ್ಪಿನಕಾಯಿ ಭರಣಿ, ತಳ ತೂತಾದ ಚೊಂಬು, ಮುಚ್ಚಳ ಕಳೆದುಕೊಂಡ ಎಣ್ಣೆ ಡಬ್ಬಿ. ಬೆಳಗ್ಗೆ ಜೋಳಿಗೆ ಹಿಡಿದು ಊರೊಳಗೆ ಹೋದರೆ ಹಿಟ್ಟು ಅಕ್ಕಿಯ ಜೊತೆಗೆ ಇಂಥದೊಂದು ಪಾತ್ರೆಯನ್ನೂ ಬೇಡಿ ತರುತ್ತಿದ್ದ. ತೂತಿಗೆ ಮೇಣ ಮೆತ್ತಿ, ಹುಣಸೆಹಣ್ಣು ಬೂದಿ ಹಾಕಿ ಹೊಳೆಯಲ್ಲಿ ತಿಕ್ಕಿ, ಬೇಲಿಯ ಮೇಲಿನ ಹೂವನ್ನೇ ನಾಲ್ಕು ಕಡ್ಡಿ ಇಟ್ಟನೆಂದರೆ ಮುಗಿಯಿತು, ಕೊಟ್ಟವರೇ ಗುರುತು ಹಿಡಿಯುತ್ತಿರಲಿಲ್ಲ.

"ಇದು ನಮ್ಮನೆ ಎಣ್ಣೆ ಡಬ್ಬಿಯಾ ಬುದ್ಧೀ?" ಎಂದು ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ಮರಿದೇವ ತಲೆ ತಗ್ಗಿಸಿ ನಗುತ್ತಿದ್ದ. ತಲೆ ತಗ್ಗಿಸುವುದನ್ನು ಮಠದಲ್ಲಿ ಬೇಗ ಕಲಿಯುತ್ತಾರೆ.

ಒಬ್ಬರು ಮಾತ್ರ ಏನೂ ಅನ್ನುತ್ತಿರಲಿಲ್ಲ. ಅವರು ಮಠದ ಗುರುಗಳು, ಊರಿಗೆಲ್ಲ ಅಜ್ಜಯ್ಯ. ದಿನಾ ಬೆಳಗ್ಗೆ ಗದ್ದುಗೆಯ ಮುಂದೆ ಕೂರುವರು, ಹೂವನ್ನು ನೋಡುವರು, ಕಣ್ಣು ಮುಚ್ಚುವರು. ಚೆನ್ನಾಗಿದೆ ಅಂತ ಒಂದೇ ಒಂದು ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ. ಆಡಲಿಲ್ಲ.

ಮರಿದೇವನಿಗೆ ಬೇಕಾಗಿದ್ದುದು ಆ ಮಾತೊಂದೇ. ಊರಿನವರ ಹೊಗಳಿಕೆಯೆಲ್ಲ ಕಿವಿಯ ಹೊರಗೇ ಉಳಿಯುತ್ತಿತ್ತು.

ಮನೆಯಲ್ಲಿ ಯಾರೂ ತನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂದು ಅತ್ತುಕೊಂಡೇ ಅವನು ಮಠಕ್ಕೆ ಬಂದಿದ್ದು. ಆ ದಿನ ಅಜ್ಜಯ್ಯ ಅವನ ಕಣ್ಣೀರನ್ನೂ ಒರೆಸಲಿಲ್ಲ, ಬೆನ್ನನ್ನೂ ಸವರಲಿಲ್ಲ.

"ಹಿಡಿದದ್ದನ್ನು ಬಿಡು. ಕೈ ಹಗುರಾಗುತ್ತದೆ," ಎಂದಿದ್ದರು ಅಷ್ಟೇ.

ಮರಿದೇವ ಆ ಮಾತನ್ನು ಬಾಯಿಪಾಠ ಮಾಡಿಕೊಂಡ. ಬಾಯಿಪಾಠ ಮಾಡುವುದು ಸುಲಭ.

ಹಿರಿಯ ಗುರುಗಳ ನೆನಪಿನ ದಿನ ಹತ್ತಿರ ಬಂತು. ಅವತ್ತು ಗದ್ದುಗೆಗೆ ತುಂಬೆ ಹೂವಲ್ಲದೆ ಬೇರೆ ಹೂವಿಲ್ಲ, ಅದು ಮಠದ ಪದ್ಧತಿ. ತುಂಬೆಯೋ ಅಕ್ಕಿಕಾಳಿನಷ್ಟು ಹೂವು. ಭರಣಿಯಲ್ಲಿ ಇಟ್ಟರೆ ಮುಳುಗಿಹೋಗುತ್ತದೆ, ಚೊಂಬಿನಲ್ಲಿ ಇಟ್ಟರೆ ಕಾಣುವುದೇ ಇಲ್ಲ. ಪ್ರತಿ ವರ್ಷ ಎಲೆಯ ಮೇಲೆ ಹರಡಿ ಸುಮ್ಮನಾಗಬೇಕಿತ್ತು. ಈ ಸಲ ತುಂಬೆಗೆ ತಕ್ಕ ಪಾತ್ರೆ ಸಿಕ್ಕರೆ ಅಜ್ಜಯ್ಯನ ಬಾಯಿ ತೆರೆಸಿಯೇ ತೀರುತ್ತೇನೆ ಅಂದುಕೊಂಡ.

ಪಾತ್ರೆ ಸಿಕ್ಕಿತು. ಊರ ಕೊನೆಯಲ್ಲಿ, ಚಾಪೆ ಹೆಣೆಯುವ ಬೋರಮ್ಮನ ಮನೆಯಲ್ಲಿ.

ಬೋರಮ್ಮ ಹಿಟ್ಟು ತರಲು ಒಳಗೆ ಹೋಗಿದ್ದಳು. ಗೋಡೆಯ ಗೂಡಿನಲ್ಲಿ ಬಟ್ಟೆ ಮುಚ್ಚಿದ್ದ ಏನೋ ಒಂದು ಕಂಡಿತು. ಮರಿದೇವ ಬಟ್ಟೆ ಸರಿಸಿದ.

ಅಂಗೈಯಗಲದ ಕಂಚಿನ ಒಳಲೆ. ಹಕ್ಕಿಯ ಕೊಕ್ಕಿನಂಥ ಮೂತಿ. ಒಳಗೆಲ್ಲ ಕಂದು ಕರೆ ಕಟ್ಟಿ ಒಣಗಿತ್ತು. ಇಷ್ಟು ಚೆಂದದ ವಸ್ತುವನ್ನು ಹೀಗೆ ಕೊಳೆ ಹಾಕಿದ್ದಾರಲ್ಲ ಎಂದು ಅವನಿಗೆ ನಿಜವಾಗಿಯೂ ಬೇಜಾರಾಯಿತು.

"ಅದ ಮುಟ್ಬ್ಯಾಡಿ ಬುದ್ಧೀ," ಎನ್ನುತ್ತಾ ಬೋರಮ್ಮ ಓಡಿಬಂದಳು. "ಮಗೀಗೆ ಹಾಲು ಕುಡಿಸ್ತಿದ್ದುದು."

ಮಗು ಈಗಿಲ್ಲ ಎಂಬುದು ಮರಿದೇವನಿಗೂ ಗೊತ್ತಿತ್ತು. ಜ್ವರ ಬಂದು ತೀರಿಕೊಂಡಿತ್ತು, ಇಡೀ ಊರೇ ಮಣ್ಣಿಗೆ ಹೋಗಿತ್ತು.

"ಇದನ್ನು ಮಠಕ್ಕೆ ಕೊಡಿ ತಾಯಿ. ಹೂವಿಗೆ ಬೇಕು."

"ಇದೊಂದು ಬ್ಯಾಡಿ. ಹೊಸ ಚೊಂಬೈತೆ, ತಗೊಂಡೋಗಿ."

"ಹೊಸ ಚೊಂಬು ತಗೊಂಡು ನಾನೇನು ಮಾಡಲಿ?"

ಮರುದಿನವೂ ಕೇಳಿದ. ಬೋರಮ್ಮ ಹಿಟ್ಟನ್ನು ಎಂದಿಗಿಂತ ಹೆಚ್ಚು ಹಾಕಿದಳು, ಒಳಲೆಯ ಮಾತೆತ್ತಲಿಲ್ಲ. ಅದರ ಮರುದಿನ ಮರಿದೇವ ಜೋಳಿಗೆ ಒಡ್ಡಲೇ ಇಲ್ಲ. ಹೊಸ್ತಿಲ ಹೊರಗೆ ಕಣ್ಣು ಅರೆಮುಚ್ಚಿ ನಿಂತ, ಥೇಟು ಅಜ್ಜಯ್ಯನಂತೆ.

"ತಾಯಿ, ಅಜ್ಜಯ್ಯ ಹೇಳುತ್ತಾರೆ. ಹಿಡಿದದ್ದನ್ನು ಬಿಟ್ಟರೆ ಕೈ ಹಗುರಾಗುತ್ತದೆ ಅಂತ. ಹೋದ ಮಗುವಿನ ಪಾತ್ರೆ ಇಟ್ಟುಕೊಂಡು ಎಷ್ಟು ದಿನ ಅಳುತ್ತೀರಿ? ಗದ್ದುಗೆಯ ಮುಂದೆ ಇದ್ದರೆ ಮಗುವಿಗೂ ಸದ್ಗತಿ."

ಸದ್ಗತಿಯ ಮಾತನ್ನು ಅಜ್ಜಯ್ಯ ಆಡಿರಲಿಲ್ಲ. ಅದು ಮರಿದೇವ ಕೈಯಿಂದ ಹಾಕಿದ್ದು.

ಬೋರಮ್ಮನ ಕೈ ಸೆರಗಿನ ತುದಿಯನ್ನು ತಿರುಚುತ್ತಿತ್ತು. "ಅಜ್ಜಯ್ಯನೋರು ಹಂಗಂದ್ರಾ?"

"ಅಂದರು."

ಅವಳು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಒಳಲೆ ಬಟ್ಟೆಯ ಸಮೇತ ಅವಳ ಎರಡೂ ಕೈಯಲ್ಲಿತ್ತು. ಮರಿದೇವ ತೆಗೆದುಕೊಂಡ ಮೇಲೂ ಆ ಕೈಗಳು ಚಾಚಿಕೊಂಡೇ ಇದ್ದವು.

"ಹಂಗೇ ಇಡ್ತೀರಲ್ವಾ ಬುದ್ಧೀ? ಹೆಂಗೈತೋ ಹಂಗೇ?"

"ಗದ್ದುಗೆಯ ಮುಂದೆ ಹಾಗೇ ಇಡುವುದಕ್ಕಾಗುತ್ತದೆಯೇ ತಾಯಿ? ಚಿನ್ನ ಆಗಬೇಕು, ಹಾಗೆ ಬೆಳಗುತ್ತೇನೆ ನೋಡಿ," ಎಂದ ಮರಿದೇವ. ಅಷ್ಟರಲ್ಲಾಗಲೇ ಅವನು ಬೀದಿಗಿಳಿದಿದ್ದ. ಹಿಂದೆ ಬೋರಮ್ಮ ಏನೋ ಅಂದಳು, ಅವನು ತಿರುಗಲಿಲ್ಲ.

ನೆನಪಿನ ದಿನ ಗದ್ದುಗೆಯ ಮುಂದೆ ಜನ ಜಮಾಯಿಸಿದರು. ಒಳಲೆ ಫಳಫಳ ಹೊಳೆಯುತ್ತಿತ್ತು. ಅದರ ತುಂಬ ಬೆಳ್ಳಗೆ ತುಂಬೆ ಹೂವು, ಮೂತಿಯಿಂದ ಜಾರಿ ಕೆಳಗಿನ ಕಲ್ಲಿನ ಮೇಲೂ ಒಂದಿಷ್ಟು.

"ಹಾಲು ತುಳುಕಿದಂಗೈತಲ್ಲ!" ಎಂದು ಯಾರೋ ಉದ್ಗರಿಸಿದರು.

ಅದೇ ಮರಿದೇವನಿಗೂ ಬೇಕಾಗಿದ್ದು. ಬೆಳಗಿನ ಜಾವದಿಂದ ಒಂದೊಂದೇ ಹೂವು ಇಟ್ಟು, ತೆಗೆದು, ಮತ್ತೆ ಇಟ್ಟು ಹಾಲು ತುಳುಕಿಸಿದ್ದ. ಅವನು ಜನರನ್ನು ನೋಡಲಿಲ್ಲ, ಅಜ್ಜಯ್ಯನ ಮುಖವನ್ನೇ ನೋಡಿದ.

ಅಜ್ಜಯ್ಯ ಅವತ್ತು ಕಣ್ಣು ಮುಚ್ಚಲಿಲ್ಲ. ಎದ್ದು ಬಂದು ಒಳಲೆಯನ್ನು ಕೈಗೆತ್ತಿಕೊಂಡರು.

"ಬೋರಮ್ಮನದಲ್ಲವೇ ಇದು?"

"ಹೌದು ಗುರುಗಳೇ."

"ಅವಳೇ ಕೊಟ್ಟಳೇ?"

"ಮೊದಲು ಒಪ್ಪಲಿಲ್ಲ. ನಿಮ್ಮ ಮಾತು ಹೇಳಿದೆ. ಕೊಟ್ಟರು."

ಅಜ್ಜಯ್ಯ ಹೂವನ್ನು ಬೆರಳಿನಿಂದ ಸರಿಸಿ ಒಳಗೆ ನೋಡಿದರು.

"ಒಳಗೂ ತಿಕ್ಕಿದೆಯಾ?"

"ಒಳಗೂ ತಿಕ್ಕಿದೆ. ಮೂತಿಯ ಸಂದಿಗೆ ಕಡ್ಡಿ ಹಾಕಿ ಕೆರೆದೆ. ಬಹಳ ಗಟ್ಟಿಯಾಗಿ ಹಿಡಿದುಕೊಂಡಿತ್ತು ಗುರುಗಳೇ. ಈಗ ಒಂದು ಚೂರು ಕರೆ ಉಳಿದಿಲ್ಲ."

ಅಜ್ಜಯ್ಯ ಒಳಲೆಯ ಮೂತಿಯನ್ನು ಮೂಗಿನ ಹತ್ತಿರ ತಂದು, ಕೆಳಗಿಳಿಸಿದರು.

"ಚೆನ್ನಾಗಿ ತೊಳೆದಿದ್ದೀಯ," ಎಂದರು.

ಚೆನ್ನಾಗಿ! ಮರಿದೇವನಿಗೆ ಕಣ್ಣು ಮಂಜಾಯಿತು. ಮುಂದಿನ ಮಾತು ಎಲ್ಲೋ ದೂರದಿಂದ ಕೇಳಿದ ಹಾಗಿತ್ತು.

"ಬೋರಮ್ಮ ಬಂದಿಲ್ಲವಲ್ಲ. ಒಯ್ದು ತೋರಿಸಿ ಬಾ."

ಹೂವು ಚೆಲ್ಲದ ಹಾಗೆ ಒಳಲೆಯನ್ನು ಎದೆಗೆ ಹಿಡಿದು ಅವನು ಊರ ಕೊನೆಯವರೆಗೆ ನಡೆದ. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದ. ಅವನ ಜೀವನದಲ್ಲಿ ಅಷ್ಟು ಸಂತೋಷದ ದಾರಿ ಮತ್ತೊಂದಿಲ್ಲ. ಪಾಪ, ಅದು ಊರ ಕೊನೆಗೇ ಮುಗಿಯಿತು.

ಬೋರಮ್ಮ ಅರ್ಧ ಹೆಣೆದ ಚಾಪೆಯ ಮುಂದೆ ಕೂತಿದ್ದಳು. ಗೋಡೆಯ ಗೂಡು ಬರಿದಾಗಿತ್ತು.

"ನೋಡಿ ತಾಯಿ, ಹೇಗಾಗಿದೆ! ಅಜ್ಜಯ್ಯನೇ ಚೆನ್ನಾಗಿದೆ ಅಂದರು."

ಬೋರಮ್ಮ ಒಳಲೆಯನ್ನು ತೆಗೆದುಕೊಂಡಳು. ಹೂವನ್ನೆಲ್ಲ ಮೆಲ್ಲಗೆ ಸೆರಗಿಗೆ ಸುರಿದುಕೊಂಡಳು. ತಳದಲ್ಲಿದ್ದ ತೊಟ್ಟು ನೀರನ್ನು ಅಂಗಳಕ್ಕೆ ಚೆಲ್ಲಿದಳು. ಕಿರುಬೆರಳನ್ನು ಮೂತಿಯೊಳಗೆ ತೂರಿಸಿ ತುದಿಯವರೆಗೂ ಸವರಿದಳು. ಆಮೇಲೆ ಮೂಸಿದಳು.

"ಹುಣಸೆಹಣ್ಣು," ಎಂದಳು.

"ಹೌದು ತಾಯಿ, ಹುಣಸೆಹಣ್ಣು, ಬೂದಿ..."

"ಕೊನೇ ದಿನ ಅವನು ಅರ್ಧ ಕುಡ್ದು ಮಕ ತಿರುಗಿಸ್ದ. ಮಿಕ್ಕಿದ್ದು ಹಂಗೇ ಉಳೀತು. ಎದ್ದಮೇಲೆ ಕುಡಿಸಾನ ಅಂತ ಇಟ್ಟೆ. ಏಳಲಿಲ್ಲ." ಅವಳ ಧ್ವನಿಯಲ್ಲಿ ಅಳುವಿರಲಿಲ್ಲ. "ಅದು ಅಲ್ಲೇ ಒಣಗಿತ್ತು. ನಾನು ತೊಳ್ದಿರಲಿಲ್ಲ ಬುದ್ಧೀ. ದಿನಾ ಒಂದ್ಸಲ ಮೂಸಿ ಇಡ್ತಿದ್ದೆ."

ಮೂತಿಯ ಸಂದಿಗೆ ಕಡ್ಡಿ ಹಾಕಿ ಕೆರೆದದ್ದು, ಅದು ಪುಡಿಪುಡಿಯಾಗಿ ಹೊಳೆಯ ನೀರಿನಲ್ಲಿ ಹೋದದ್ದು, ಹೋಯಿತಲ್ಲ ಅಂತ ತಾನು ಖುಷಿಪಟ್ಟದ್ದು ಎಲ್ಲ ಮರಿದೇವನ ಕಣ್ಣ ಮುಂದೆ ಬಂತು.

"ತಪ್ಪಾಯಿತು ತಾಯಿ. ಇದು ನಿಮ್ಮ ಮನೆಯಲ್ಲೇ ಇರಲಿ. ಇಟ್ಟುಕೊಳ್ಳಿ."

ಬೋರಮ್ಮ ಒಳಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಸಂತೆಯಲ್ಲಿ ಬೇಡದ ಸಾಮಾನು ನೋಡುವವರ ಹಾಗೆ.

"ಇದು ನಂದಲ್ಲ," ಎಂದು ಅವನ ಕೈಗೆ ಕೊಟ್ಟಳು. ಸೆರಗಿನ ಹೂವನ್ನೂ ಅದಕ್ಕೇ ಸುರಿದಳು. "ಕೈ ಹಗುರಾಯ್ತು ಅಂತ ಅಜ್ಜಯ್ಯನೋರಿಗೆ ಹೇಳಿ."

ಮತ್ತೆ ಚಾಪೆಯ ಮುಂದೆ ಕೂತು ಹೆಣೆಯತೊಡಗಿದಳು. ಅವನು ಅಲ್ಲೇ ನಿಂತಿದ್ದರೂ ತಲೆ ಎತ್ತಲಿಲ್ಲ.

ಮರಿದೇವ ಮಠಕ್ಕೆ ಮರಳಿದಾಗ ಜನ ಹೋಗಿದ್ದರು. ಅಜ್ಜಯ್ಯ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ತೋರಿಸಿದೆಯಾ?"

"ತೋರಿಸಿದೆ."

"ಏನೆಂದಳು?"

"ತನ್ನದಲ್ಲ ಎಂದರು. ಕೈ ಹಗುರಾಯಿತು ಎಂದು ನಿಮಗೆ ಹೇಳಲು ಹೇಳಿದರು."

ಅಜ್ಜಯ್ಯನ ಮುಖ ಸಣ್ಣದಾಯಿತು. ಆ ಮಾತು ಅವರಿಗೂ ತಾಗಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

ಮರಿದೇವನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ನಿಮಗೆ ಗೊತ್ತಿತ್ತು ಗುರುಗಳೇ. ಮೂಸಿದಾಗಲೇ ಗೊತ್ತಾಗಿತ್ತು."

"ಗೊತ್ತಾಗಿತ್ತು. ಮಗುವನ್ನು ಮಣ್ಣು ಮಾಡಿದ ದಿನ ಅದು ಹಾಲಿನ ಸಮೇತ ಅವಳ ಮಡಿಲಲ್ಲಿತ್ತು."

"ಅಲ್ಲೇ ಹೇಳಬಹುದಿತ್ತಲ್ಲ! ಯಾಕೆ ಕಳಿಸಿದಿರಿ?"

"ಹೇಳಿದ್ದರೆ ಅದೂ ಒಂದು ಮಾತಾಗುತ್ತಿತ್ತು. ನಾಳೆ ನೀನು ಅದನ್ನೂ ಯಾರದೋ ಮನೆ ಬಾಗಿಲಿಗೆ ಒಯ್ಯುತ್ತಿದ್ದೆ."

ಅಜ್ಜಯ್ಯ ಅವನ ಕಡೆ ತಿರುಗಿದರು.

"ಹಿಡಿದದ್ದನ್ನು ಬಿಡು ಎಂದು ನಾನು ಯಾರಿಗೆ ಹೇಳಿದ್ದು?"

"ನನಗೆ."

"ಬಿಟ್ಟೆಯಾ?"

ಬೆಳಗ್ಗೆ ಕೇಳಿದ ‘ಚೆನ್ನಾಗಿ’ ಎಂಬ ಆ ಒಂದು ಮಾತು ಇನ್ನೂ ಅವನ ಎದೆಯೊಳಗೇ ಇತ್ತು, ಅದನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಅಜ್ಜಯ್ಯ ಆವತ್ತಿನಂತೆಯೇ ಇವತ್ತೂ ಬೆನ್ನು ಸವರಲಿಲ್ಲ.

ಅತ್ತು ಮುಗಿದ ಮೇಲೆ ನೋಡಿದರೆ ಒಳಲೆ ಇನ್ನೂ ಅವನ ಕೈಯಲ್ಲೇ ಇತ್ತು. ಬಾಡಿದ ತುಂಬೆ ಅದರ ಗೋಡೆಗೆ ಅಂಟಿಕೊಂಡಿತ್ತು.

"ಇದನ್ನು ಏನು ಮಾಡಲಿ ಗುರುಗಳೇ?"

"ಹೂ ಇಡು," ಎಂದರು ಅಜ್ಜಯ್ಯ. "ಈಗ ಅದು ಬರೀ ಪಾತ್ರೆ."