ಹತ್ತುಸಾವಿರದೇಳರ ನೆರೆಹೊರೆ

ಸಂಖ್ಯೆಗಳ ಬೀದಿಯಲ್ಲಿ ಒಂದು ಕಟ್ಟಳೆಯಿತ್ತು. ಬಂದವರು ಮನೆಯ ಯಜಮಾನನನ್ನು ಭಾಗಿಸಿ ನೋಡಬೇಕು. ಶೇಷ ಉಳಿಯದಿದ್ದರೆ ನೆಂಟರೆಂದು ಒಳಗೆ ಊಟಕ್ಕೆ ಕೂರಬಹುದು. ಉಳಿದರೆ ಹೊಸ್ತಿಲಿನಿಂದಲೇ ವಾಪಸು.

ಹತ್ತುಸಾವಿರದೇಳರ ಮನೆಗೆ ಮೂರು ಬಂತು, ಶೇಷ ಎರಡು. ಏಳು ಬಹಳ ಆಸೆಯಿಂದ ಬಂತು, ಶೇಷ ನಾಲ್ಕು. ಎಲ್ಲರೂ ಹಾಗೆಯೇ ಹೊರಟುಹೋದರು. ಒಳಗೆ ಬಂದದ್ದು ಒಂದು ಮಾತ್ರ. ಅದು ಎಲ್ಲರ ಮನೆಗೂ ಹೋಗುವಂಥದ್ದು, ಅದು ಬಂದಿತೆಂದು ಯಾರೂ ಹಿಗ್ಗುತ್ತಿರಲಿಲ್ಲ.

ಪಕ್ಕದ ಹತ್ತುಸಾವಿರದೆಂಟರ ಮನೆಯಲ್ಲಿ ದಿನವೂ ಇಪ್ಪತ್ತನಾಲ್ಕು ಎಲೆ ಬೀಳುತ್ತಿತ್ತು. ಆ ಗದ್ದಲ ಕೇಳಿ ಕೇಳಿ ಹತ್ತುಸಾವಿರದೇಳು ಒಂದು ದಿನ ಗೋಡೆಯ ಬಳಿ ನಿಂತು ಕೇಳಿತು:

"ಸ್ವಾಮಿ, ನೆಂಟರಿಲ್ಲದವರು ಇಲ್ಲಿ ನಾನೊಬ್ಬನೇ ಏನು?"

"ನನ್ನ ಆಚೆ ಮಗ್ಗುಲಲ್ಲಿ ಹತ್ತುಸಾವಿರದೊಂಬತ್ತು ಇದೆಯಲ್ಲ. ಅದೂ ದಿನಾ ಇದನ್ನೇ ಕೇಳುತ್ತದೆ," ಎಂದಿತು ಹತ್ತುಸಾವಿರದೆಂಟು, ಬಡಿಸುತ್ತಲೇ.

"ತಾವು ಏನು ಹೇಳುತ್ತೀರಿ?"

"ಊಟದ ಹೊತ್ತಿನಲ್ಲಿ ಏನು ಹೇಳಲಿ? ಬೇರೆ ಯಾರೂ ಇಲ್ಲ ಎಂದುಬಿಡುತ್ತೇನೆ."

ಹತ್ತುಸಾವಿರದೇಳು ಮೊದಲ ಸಲ ತನ್ನ ಮನೆಯ ಮೆಟ್ಟಿಲಿಳಿಯಿತು. ಆಚೆ ಮನೆಯ ಹೊಸ್ತಿಲಲ್ಲಿ ನಿಂತು ಭಾಗಿಸಿತು. ಶೇಷ ಎರಡು. ಕಟ್ಟಳೆಯಂತೆ ಹಿಂತಿರುಗಿತು.

"ನಿಮ್ಮನ್ನು ಒಳಗೆ ಕರೆಯುವ ಹಾಗಿಲ್ಲ," ಎಂದಿತು ಹಿಂದಿನಿಂದ ಒಂದು ದನಿ.

"ಗೊತ್ತು."

"ನಾನು ಹೊರಗೆ ಬರಬಾರದೆಂದು ಕಟ್ಟಳೆ ಇಲ್ಲವಲ್ಲ," ಎಂದು ಹತ್ತುಸಾವಿರದೊಂಬತ್ತು ತನ್ನ ಎಲೆಯನ್ನು ಎತ್ತಿಕೊಂಡು ಬಂದು ಜಗುಲಿಯ ಮೇಲೆ ಕುಳಿತಿತು.