ಗೋಡೆಯ ಮೇಲೆ ಮಲಗಿದ ಗೆರೆ

“ಬುದ್ಧಿ, ಒಂದು ಷೇರಿನ ಬೆಲೆ ಹತ್ತು ವರ್ಷಗಳಿಂದ ಒಂದೇ ರೀತಿ ಇಳಿದು ಒಂದೇ ರೀತಿ ಏರಿದ್ದರೆ, ಮುಂದಿನ ಏರಿಕೆಯನ್ನು ನಂಬಬಹುದಲ್ಲವೇ?” ಎಂದು ಶಿಷ್ಯ ವೃಷಭೇಂದ್ರ ಗುರುವನ್ನು ಕೇಳಿದ.

ಅವನ ಕೈಯಲ್ಲಿ ಚೌಕಳಿ ಹಾಳೆಗಳ ಒಂದು ಕಟ್ಟಿತ್ತು. ಪ್ರತಿ ಹಾಳೆಯಲ್ಲೂ ಬೆಲೆಯ ಗೆರೆ ದೂರದ ಬೆಟ್ಟಸಾಲಿನಂತೆ ಏರಿ ಇಳಿದಿತ್ತು. ತಂಗಿಯ ನರ್ಸಿಂಗ್ ಕಾಲೇಜಿಗೆ ಬರುವ ತಿಂಗಳು ಕಟ್ಟಬೇಕಾದ ಹಣವನ್ನು ನಾಳೆ ಬೆಳಿಗ್ಗೆ ಆ ಷೇರಿಗೆ ಹಾಕುವುದು, ಏರಿದ ಮೇಲೆ ತೆಗೆಯುವುದು ಎಂದು ಅವನು ಆಗಲೇ ಗುರುವಿಗೆ ಹೇಳಿದ್ದ. ಬೇಕಾಗಿದ್ದದ್ದು ಒಂದು ‘ಹೂಂ’ ಮಾತ್ರ.

ಗುರು ಹಾಳೆಗಳನ್ನು ಒಂದೊಂದಾಗಿ ನೋಡಿದರು. “ಗೆರೆ ಚೆನ್ನಾಗಿದೆ. ಕುಳಿತುಕೋ” ಎಂದು ಕತೆ ಹೇಳತೊಡಗಿದರು.

ಒಬ್ಬ ರೈತ ರೇಷ್ಮೆಹುಳು ಸಾಕುತ್ತಿದ್ದ. ಗೂಡಿನ ಮಾರುಕಟ್ಟೆಯ ಬೆಲೆಯನ್ನು ದಿನವೂ ಕೇಳಿ ತಿಳಿದು, ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದ. ಚುಕ್ಕೆಗೆ ಚುಕ್ಕೆ ಸೇರಿ ಗೆರೆಯಾಯಿತು. ವರ್ಷಗಳು ಕಳೆದಂತೆ ಗೆರೆ ನಾಲ್ಕು ಗೋಡೆಗಳನ್ನೂ ಸುತ್ತಿತು. ನೋಡಿ ನೋಡಿ ಅವನಿಗೆ ಅದರ ನಡೆ ತಿಳಿಯಿತು. ಬೆಲೆ ಮೂರು ದಿನ ಇಳಿಯುತ್ತದೆ, ಎರಡು ದಿನ ಮಲಗುತ್ತದೆ, ಆಮೇಲೆ ಎದ್ದು ಓಡುತ್ತದೆ. ಅದನ್ನು ನಂಬಿ ಎರಡು ಬೆಳೆ ಮಾರಿದ. ಎರಡು ಸಲವೂ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಅವನಿಗೇ ಸಿಕ್ಕಿತು.

ಮೂರನೆಯ ಬೆಳೆ ಹಿಂದೆಂದೂ ಕಾಣದಷ್ಟು ಚೆನ್ನಾಗಿ ಬಂತು. ಸೋರುವ ಹುಳುಮನೆಗೆ ಅದರಿಂದಲೇ ಹೊಸ ಹೆಂಚು ಹೊದಿಸಬೇಕಿತ್ತು. ಗೂಡು ಬಿಡಿಸಿದ ದಿನ ಬೆಲೆ ಇಳಿದು ಮಲಗಿತ್ತು. “ಇನ್ನೆರಡು ದಿನ” ಎಂದ ರೈತ. ಎರಡು ದಿನ ಹೋಗಿ ನಾಲ್ಕಾಯಿತು. ಬೆಲೆ ಏಳಲಿಲ್ಲ.

ಹೆಂಡತಿ ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. “ಒಳಗಿನ ಸದ್ದು ಬದಲಾಗಿದೆ, ರೀ. ಇವತ್ತೇ ಮಾರಿಬಿಡಿ.”

“ಗೆರೆ ನೋಡೇ. ನಾಳೆ ಏಳಲೇಬೇಕು.”

“ಈ ಹುಳುಗಳಿಗೆ ಸೊಪ್ಪು ಹಾಕಿದವಳು ನಾನು. ನಿಮ್ಮ ಗೆರೆ ಯಾರ ಮನೆ ಸೊಪ್ಪು ತಿಂದು ಮಾತು ಕೊಟ್ಟಿದೆ? ಬಿಸಿಲಿಗಾದರೂ ಹಾಕಿ.”

ಬಿಸಿಲಿಗೆ ಹಾಕಿದರೆ ಒಳಗಿನ ಹುಳು ಸಾಯುತ್ತದೆ, ಗೂಡು ಉಳಿಯುತ್ತದೆ. ಆದರೆ ತೂಕ ಇಳಿಯುತ್ತದೆ. ರೈತನಿಗೆ ತೂಕವೂ ಬೇಕಿತ್ತು, ಬೆಲೆಯೂ ಬೇಕಿತ್ತು.

ಮರುದಿನ ಬೆಳಕು ಹರಿಯುವ ಮೊದಲೇ ಅವನು ಗೋಡೆಯ ಮುಂದೆ, ಗೂಡಿನ ರಾಶಿಯ ಪಕ್ಕ ಕುಳಿತ. ಕುಳಿತಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ಗೆರೆ ಮೆಲ್ಲಗೆ ಗೋಡೆ ಬಿಟ್ಟು ಎದ್ದಿತು. ಅದಕ್ಕೆ ಬಿಳಿಯ ರೆಕ್ಕೆಗಳಿದ್ದವು. ಅವನು ನಗುತ್ತ ಕಣ್ಣು ತೆರೆದ. ರೆಕ್ಕೆಗಳು ಇನ್ನೂ ಇದ್ದವು. ನೆಲದ ಮೇಲೆ, ಗೋಡೆಯ ಮೇಲೆ, ಅವನ ಮಡಿಲಲ್ಲಿ ಬಿಳಿ ಚಿಟ್ಟೆಗಳು ಹಾರಲಾರದೆ ರೆಕ್ಕೆ ಬಡಿಯುತ್ತಿದ್ದವು. ಒಂದೊಂದು ಗೂಡಿಗೂ ಒಂದೊಂದು ತೂತು.

ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು. ಆದರೂ ಮೂಟೆ ಕಟ್ಟಿ ಮಾರುಕಟ್ಟೆಗೆ ಹೋದ. ಅಂದೇ ಬೆಲೆ ಎದ್ದು ಓಡಿತ್ತು. ಒಬ್ಬ ವ್ಯಾಪಾರಿ ಗೂಡೊಂದನ್ನು ಎತ್ತಿ, ತೂತಿನಲ್ಲಿ ಬೆರಳಿಟ್ಟು ನೋಡಿದ. “ಯಜಮಾನರೇ, ಒಳಗಿದ್ದವರು ಮನೆ ಖಾಲಿ ಮಾಡಿಕೊಂಡು ಹೋಗಿದ್ದಾರಲ್ಲ!”

ರೈತ ಮನೆಗೆ ಬಂದು ಗೋಡೆಯ ಮೇಲೆ ಅಂದಿನ ಚುಕ್ಕೆ ಇಟ್ಟ. ಅದು ಅವನು ಎಣಿಸಿದ್ದ ಎತ್ತರದಲ್ಲೇ ಇತ್ತು.

ವೃಷಭೇಂದ್ರನ ಮುಖ ಅರಳಿತು. “ಹಾಗಾದರೆ ಗೆರೆ ಸುಳ್ಳಾಗಲಿಲ್ಲವಲ್ಲ, ಬುದ್ಧಿ! ತುಸು ತಡವಾಯಿತು, ಅಷ್ಟೇ.”

ಗುರು ಹಾಳೆಗಳನ್ನು ಸುತ್ತಿ ಅವನ ಕೈಗಿತ್ತರು.

“ತಂಗಿಯ ಗೂಡು ನಿನ್ನ ಬಳಿ ಇದೆಯಲ್ಲ, ಅದಕ್ಕೆ ಇಂದು ಎಷ್ಟನೆಯ ದಿನ?”

ವೃಷಭೇಂದ್ರ ಕಾಲೇಜಿಗೆ ಹಣ ಕಟ್ಟಲು ಉಳಿದ ದಿನಗಳಿಗೆ ಬೆರಳು ಮಡಿಸತೊಡಗಿದ.