ಹಣ್ಣೆಲೆಯ ಉಸ್ತುವಾರಿ

ಬಾವಿಯ ಮೇಲೆ ಬಾಗಿದ ಮಾವಿನ ಕೊಂಬೆಯಲ್ಲಿ ಕೆಂಜಿಗಗಳು ಎಲೆಗಳನ್ನು ಹೆಣೆದು ಗೂಡು ಕಟ್ಟಲು ಹೊರಟವು. ರಾಣಿ ಇರುವೆ ಎಲ್ಲರಿಗಿಂತ ದೊಡ್ಡವಳಾದ ಹಿರಿಯಕ್ಕನನ್ನು ಕರೆದು, "ಈ ಕೆಲಸದ ಉಸ್ತುವಾರಿ ನಿನ್ನದು. ಸಂಜೆಯೊಳಗೆ ಮೊಟ್ಟೆಗಳು ಗೂಡು ಸೇರಬೇಕು" ಎಂದಳು.

ಉಸ್ತುವಾರಿ ಎಂದರೆ ಸುಮ್ಮನೆ ನಿಂತವರನ್ನು ಗದರುವುದು ಎಂದುಕೊಂಡಳು ಹಿರಿಯಕ್ಕ. ಎತ್ತರದ ರೆಂಬೆಯೇರಿ, ಯಾರ ಕಾಲು ನಿಂತಿತು, ಯಾರ ಹಿಡಿತ ಸಡಿಲಾಯಿತು ಎಂದು ಕಣ್ಣು ಮಿಟುಕಿಸದೆ ನೋಡಿದಳು.

ಅಡಿಯ ಎಲೆಯ ಅಂಚನ್ನು ಕಚ್ಚಿ ಎಳೆಯುತ್ತಿದ್ದ ಮೊಂಡುಮೀಸೆ ಎಂಬ ಇರುವೆ ಒಂದು ಗಳಿಗೆ ಬಾಯಿ ಬಿಡಿಸಿಕೊಂಡು ಹೇಳಿದಳು: "ಅಕ್ಕಾ, ಈ ಎಲೆ ಹಣ್ಣಾಗಿದೆ, ತೊಟ್ಟು ತಡೆಯುವುದಿಲ್ಲ. ಒಂದು ಸಲ ಇಳಿದು ಬಂದು ನೋಡು."

"ನೋಡುವುದು ನನ್ನ ಕೆಲಸ, ಎಳೆಯುವುದು ನಿನ್ನ ಕೆಲಸ. ನಾನು ಹೇಳುವ ತನಕ ಅಂಚು ಬಿಟ್ಟೀಯ, ಜೋಕೆ!"

ಮೊಂಡುಮೀಸೆ ಮತ್ತೆ ಕಚ್ಚಿ ಹಿಡಿದಳು.

ಸಂಜೆಗೆ ಮೊಟ್ಟೆಗಳೆಲ್ಲ ಗೂಡು ಸೇರಿದವು. ಸಣ್ಣ ಗಾಳಿಯೊಂದು ಬೀಸಿತು. ತೊಟ್ಟು ಕಳಚಿ, ಅಡಿಯ ಎಲೆ ಮೊಟ್ಟೆಗಳ ಸಮೇತ ಬಾವಿಗೆ ಬಿತ್ತು.

"ನೀನೇನು ಮಾಡುತ್ತಿದ್ದೆ?" ಎಂದು ರಾಣಿ ಕೇಳಿದಳು.

"ಎಲ್ಲರೂ ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡುತ್ತಿದ್ದೆ. ಎಲ್ಲರೂ ಮಾಡುತ್ತಿದ್ದರು. ಎಲೆಯನ್ನು ಮಾತ್ರ ನಾನು ನೋಡಲಿಲ್ಲ."

"ಯಾರೂ ನೋಡಲಿಲ್ಲವೇ?"

"ಮೊಂಡುಮೀಸೆ ನೋಡಿದ್ದಳು. ನನಗೆ ಹೇಳಿಯೂ ಇದ್ದಳು."

"ಹಾಗಾದರೆ ಅವಳನ್ನು ಕರೆ. ಇನ್ನು ಉಸ್ತುವಾರಿ ಅವಳದು."

ಹಿರಿಯಕ್ಕ ಬಾವಿಯತ್ತ ತಿರುಗಿದಳು.

"ತೊಟ್ಟು ಕಳಚುವಾಗ ಉಳಿದವರೆಲ್ಲ ಕೊಂಬೆಗೆ ಹಾರಿಕೊಂಡರು. ಅವಳೊಬ್ಬಳು ಅಂಚು ಬಿಡಲಿಲ್ಲ. ಬಿಡು ಅಂತ ನಾನು ಹೇಳಲೇ ಇಲ್ಲ."